ಇಳಿಯುವ ಮುನ್ನ ಹೇಳಿದ ಥ್ಯಾಂಕ್ಸ್

ಜನವರಿ 13, ಶನಿವಾರ

ಹೊಸ ದಿನಚರಿ. ಕ್ರಿಸ್‌ಮಸ್‌ಗೆ ಕ್ರಿಸ್ಟಿ ಕೊಡಿಸಿದ್ದು. "ಸೆನೆಟರ್ ಆದೋರು ಬರೀಬೇಕು ಕಣೇ ಬ್ರೀಡಾ, ಮುಂದೆ ಆತ್ಮಕಥೆಗೆ ಬೇಕಾಗತ್ತೆ" ಅಂದ. ನನ್ನ ಗಂಡ ಹೊಗಳುವುದೂ ಗೇಲಿ ಮಾಡುವುದೂ ಒಂದೇ ದನಿಯಲ್ಲಿ. ಮೂವತ್ತು ವರ್ಷ ಬಸ್ ಓಡಿಸಿದವನು, ಮುಖ ಈ ಕಡೆ ತಿರುಗಿಸದೆ ಮಾತಾಡುವುದು ಇನ್ನೂ ಬಿಟ್ಟಿಲ್ಲ. ಇರಲಿ, ಬರೆಯುತ್ತೇನೆ.

ಈ ವಾರದ ಪತ್ರಿಕೆಯಲ್ಲಿ ನನ್ನ ಫೋಟೋ ಬಂದಿದೆ. ಐದನೇ ಪುಟ, ಕೆಳಗಡೆ, ಟ್ರ್ಯಾಕ್ಟರ್ ಜಾಹೀರಾತಿನ ಪಕ್ಕ. 'ಕಿಲ್ಬ್ರೀನ್ ಅಂಚೆ ಕಚೇರಿಯಿಂದ ಡಬ್ಲಿನ್ನಿನ ಮೇಲ್ಮನೆಗೆ.' ಕೂದಲು ಚೆನ್ನಾಗಿ ಬಂದಿದೆ, ಗಲ್ಲ ಮಾತ್ರ ಎರಡು ಕಾಣುತ್ತದೆ. ಕತ್ತರಿಸಿ ಇಟ್ಟಿದ್ದೇನೆ.

ಬೆಳಿಗ್ಗೆ ಚರ್ಚಿನ ಹಾಲ್‌ನಲ್ಲಿ ಅಹವಾಲು ಕೇಳಲು ಕೂತಿದ್ದೆ. ಚರಂಡಿಯದು ಎರಡು, ಬೀದಿ ದೀಪದ್ದು ಒಂದು. ಕೊನೆಗೆ ಬ್ರಿಜಿಡ್ ಮಠದ ಇಬ್ಬರು ಹೆಂಗಸರು. ಮಠ ಎಂಬುದು ಈಗ ಹೆಸರಿಗಷ್ಟೇ. ಸನ್ಯಾಸಿನಿ ಸಿಸ್ಟರುಗಳು ಅದನ್ನು ಮಾರಿ ಹೋಗಿ ಹನ್ನೆರಡು ವರ್ಷವಾಯಿತು. ಕೊಂಡ ಕಂಪನಿಯವರು ಒಳಗೆ ಗೋಡೆ ಎಬ್ಬಿಸಿ ಒಂಬತ್ತು ಮನೆ ಮಾಡಿ ಬಾಡಿಗೆಗೆ ಬಿಟ್ಟರು. ಈಗ ಅವರೂ ಮಾರುತ್ತಾರಂತೆ, ಖಾಲಿ ಮಾಡಿಯೇ ಮಾರಬೇಕಂತೆ. ಮೇ ಮೂವತ್ತೊಂದರೊಳಗೆ ಒಂಬತ್ತು ಮನೆಯವರೂ ಹೊರಗೆ ಹೋಗಬೇಕು ಎಂದು ನೋಟಿಸು.

ಬಂದವರಲ್ಲಿ ಒಬ್ಬಳು ಫಿಲೊಮಿನಾ, ಎಪ್ಪತ್ತನಾಲ್ಕು ವರ್ಷ, ಸಿಸ್ಟರುಗಳ ಕಾಲದಲ್ಲಿ ಅಲ್ಲಿನ ಅಡುಗೆಯವಳು. "ಸಿಸ್ಟರ್‌ಗಳು ಹೋದ್ರು, ದೇವರ ಪೆಟ್ಟಿಗೆ ಹೋಯ್ತು, ನಾನೊಬ್ಬಳು ಒಲೆ ಜೊತೆ ಉಳ್ಕೊಂಡೆ ಸೆನೆಟರಮ್ಮ" ಅಂದಳು. ಇನ್ನೊಬ್ಬಳು ಬ್ರೆಜಿಲ್‌ನವಳು, ರೊಸಾನಾ, ಮಾಂಸದ ಕಾರ್ಖಾನೆಯಲ್ಲಿ ಕೆಲಸ, ಜೂನ್‌ನಲ್ಲಿ ಹೆರಿಗೆಯಂತೆ. ಕೌನ್ಸಿಲಿನವರು ತೋರಿಸಿರುವುದು ನಲವತ್ತು ಮೈಲಿ ಆಚೆ ಹೋಟೆಲ್ಲಿನ ಒಂದು ಕೋಣೆ. ಅಲ್ಲಿ ಒಲೆ ಇಲ್ಲ.

"ಒಲೆ ಇಲ್ಲದ ಕೋಣೇಲಿ ನಾನೇನ್ ಮಾಡ್ಲಿ, ಗೋಡೆ ನೋಡ್ಕೊಂಡ್ ಕೂತ್ಕೊಳ್ಳಾ?" ಎಂದು ಫಿಲೊಮಿನಾ ಕೇಳಿದಳು.

ಒಳಗಿರುವವರ ಸಮೇತ ಕಟ್ಟಡವನ್ನು ಕೌನ್ಸಿಲೇ ಕೊಳ್ಳುವ ಯೋಜನೆ ಒಂದಿದೆ. ಕೌನ್ಸಿಲ್ ತಯಾರಿದೆ, ಕಂಪನಿಯೂ ಒಲ್ಲೆ ಎಂದಿಲ್ಲ. ಮೇಲಿನಿಂದ ವಸತಿ ಮಂತ್ರಿಯ ಒಪ್ಪಿಗೆ ಬೇಕು, ಆ ಕಾಗದ ನಾಲ್ಕು ತಿಂಗಳಿಂದ ಅಲ್ಲೇ ಕೂತಿದೆ. "ನಿಮ್ಮ ಪ್ರಕರಣ ನನ್ನ ಗಮನದಲ್ಲಿದೆ. ಬಂದಿದ್ದಕ್ಕೆ ಥ್ಯಾಂಕ್ಸ್" ಎಂದೆ. ಇಪ್ಪತ್ತೆರಡು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತ ಬಾಯಿ ಇದು. ಪಾರ್ಸೆಲ್ ಕಳೆದುಹೋಯಿತು ಎಂದು ಬೈಯಲು ಬಂದವನಿಗೂ ಥ್ಯಾಂಕ್ಸ್ ಹೇಳಿಯೇ ಕಳಿಸಿದ್ದೇನೆ.

ಜನವರಿ 24, ಬುಧವಾರ

ಮಠದ ಪ್ರಕರಣ ಸದನದಲ್ಲಿ ಎತ್ತಲು ಆಯ್ಕೆಯಾಗಿದೆ! ಫೆಬ್ರವರಿ ಏಳಕ್ಕೆ. ನಾನು ನಾಲ್ಕು ನಿಮಿಷ ಮಾತಾಡುವುದು, ಮಂತ್ರಿ ಉತ್ತರ ಓದುವುದು, ಮತ್ತೆ ನನಗೊಂದು ನಿಮಿಷ. ಅಷ್ಟೇ ಆಟ.

ನಮ್ಮ ಪಕ್ಷದ ಸಚೇತಕ ಫಿನ್‌ಬಾರ್ ಕ್ರೀಡನ್ ಕಾರಿಡಾರಿನಲ್ಲಿ ತಡೆದು, "ಮೊದಲನೇ ಸಲ ಬ್ರೀಡಾ, ಮೆತ್ತಗೆ ಹೋಗಿ. ಸರ್ಕಾರ ನಮ್ಮದೇ. ದೊಡ್ಡೋರು ಬರಲ್ಲ, ಅರ್ಧ ಕಾರು ಬರತ್ತೆ" ಅಂದ. ಪೂರ್ತಿ ಮಂತ್ರಿಗೆ ಪೂರ್ತಿ ಕಾರು, ಕಿರಿಯ ಮಂತ್ರಿಗೆ ಅರ್ಧ. ಈ ಸಲದ ಅರ್ಧ ಕಾರು ಟಾರ್ಪಿ ಎಂಬುವವರು. ಒಳ್ಳೆಯ ಮನುಷ್ಯನಂತೆ. ಮುಂದಿನ ಚುನಾವಣೆಯಲ್ಲಿ ಕೆಳಮನೆಯ ಟಿಕೆಟ್ಟಿಗೆ ನನ್ನ ಹೆಸರು ಓಡಾಡುತ್ತಿದೆ ಎಂದೂ ಫಿನ್‌ಬಾರ್ ಕಿವಿಯಲ್ಲಿ ಉಸುರಿದ. ರೈಲಿನಲ್ಲಿ ವಾಪಸು ಬರುವಾಗ ಎರಡೂವರೆ ಗಂಟೆಯೂ ಕಿಟಕಿಯಲ್ಲಿ ನನ್ನ ಮುಖವನ್ನೇ ನೋಡಿಕೊಂಡು ಬಂದೆ, ನಾಚಿಕೆಯಿಲ್ಲದೆ ಬರೆಯುತ್ತೇನೆ.

ಒಂದು ನೀಲಿ ಕೋಟು ಕೊಂಡೆ. ಟೀವಿಯಲ್ಲಿ ನೀಲಿ ಚೆನ್ನಾಗಿ ಕಾಣುತ್ತದಂತೆ.

ಫೆಬ್ರವರಿ 1, ಗುರುವಾರ

ಸಂತ ಬ್ರಿಜಿಡ್ಡಮ್ಮನ ಹಬ್ಬ. ಫಿಲೊಮಿನಾ ಹೇಳಿ ಕಳಿಸಿದ್ದಳು, ಹೋದೆ. ಸಿಸ್ಟರುಗಳ ಹಳೆಯ ಅಡುಗೆಮನೆಯೇ ಅವಳ ಮನೆ. ಉದ್ದ ಮೇಜಿನ ತುಂಬ ಹಸಿ ಜೊಂಡು ಹರಡಿಕೊಂಡು ಎಲ್ಲ ಮನೆಯವರೂ ಶಿಲುಬೆ ಹೆಣೆಯುತ್ತಿದ್ದರು. ಬಾಗಿಲ ಮೇಲಿದ್ದರೆ ಮನೆಗೆ ಕೇಡಿಲ್ಲ. ರೊಸಾನಾ ಹೆಣೆದದ್ದು ಸೊಟ್ಟಗಿತ್ತು. "ಇದು ಬ್ರೆಜಿಲ್ ಬ್ರಿಜಿಡ್, ಸ್ವಲ್ಪ ಕುಣೀತಾಳೆ" ಎಂದು ಫಿಲೊಮಿನಾ ನಕ್ಕಳು.

ನನಗೂ ಒಂದು ಕೊಟ್ಟರು. ಕೋಟಿನ ತುಂಬ ಕೆಸರು. ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೋ ಇಲ್ಲವೋ ನೋಡಬೇಕು.

ಫೆಬ್ರವರಿ 7, ಬುಧವಾರ

ಚೆನ್ನಾಗಿಯೇ ಆಯಿತು ಅಂದುಕೊಂಡಿದ್ದೇನೆ. ದನಿ ನಡುಗಲಿಲ್ಲ. ನಾಲ್ಕು ನಿಮಿಷಕ್ಕೆ ಹತ್ತು ಸೆಕೆಂಡು ಉಳಿಸಿಯೇ ಮುಗಿಸಿದೆ. ಟಾರ್ಪಿಯವರು ಎದ್ದು, ಈ ಮಹತ್ವದ ವಿಷಯ ಎತ್ತಿದ್ದಕ್ಕೆ ಧನ್ಯವಾದ ಎಂದು ನನಗೆ ಹೇಳಿ ಉತ್ತರ ಓದಿದರು. ಅವರು ಓದುತ್ತಿದ್ದರೆ ನನ್ನ ಕಣ್ಣು ಗಡಿಯಾರದ ಮೇಲೆ, ಒಂದು ನಿಮಿಷದಲ್ಲಿ ಏನು ಹೇಳಲಿ ಎಂಬುದೇ ತಲೆಯಲ್ಲಿ. ಬ್ರಿಜಿಡ್ ನಿವಾಸಿಗಳು, ಸಂತೃಪ್ತಿ, ಹೊಸ ಕೈತೋಟ, ಗಾಲಿಕುರ್ಚಿಗೆ ಇಳಿಜಾರು... ಮಾತು ಚೆನ್ನಾಗಿತ್ತು. ನಾನು ಎದ್ದು, "ಮಂತ್ರಿಗಳ ಸವಿವರವಾದ ಉತ್ತರಕ್ಕೆ ಹೃತ್ಪೂರ್ವಕ ಧನ್ಯವಾದಗಳು" ಎಂದು ಕೂತೆ. ಸಭಾಪತಿಗಳು ನನ್ನ ಕಡೆ ನೋಡಿ ಮುಗುಳ್ನಕ್ಕರು.

ಸಂಜೆ ಕ್ರಿಸ್ಟಿಯ ಫೋನು. "ಅಲ್ಲಾ ಬ್ರೀಡಾ, ನಮ್ಮೂರ ಮಠದಲ್ಲಿ ಗಾಲಿಕುರ್ಚಿ ಇಳಿಜಾರು ಯಾವಾಗ ಕಟ್ಟಿದ್ರು?" ಎಂದು ಕೇಳಿದ. ನಾನು ನಾಳೆ ನೋಡುತ್ತೇನೆ ಎಂದೆ.

ಫೆಬ್ರವರಿ 8, ಗುರುವಾರ

ಅಚ್ಚಾದ ಕಲಾಪ ಓದಿದೆ. ಅವರು ಓದಿದ್ದು ಬೇರೆ ಬ್ರಿಜಿಡ್‌ನ ಉತ್ತರ. ದ್ವೀಪದ ಇನ್ನೊಂದು ತುದಿಯಲ್ಲಿರುವ ಬ್ರಿಜಿಡ್ ವೃದ್ಧಾಶ್ರಮ. ಈ ದೇಶದಲ್ಲಿ ಕಲ್ಲೆಸೆದರೆ ಒಂದು ಬ್ರಿಜಿಡ್‌ಗೆ ತಗಲುತ್ತದೆ, ಯಾರೋ ಗುಮಾಸ್ತ ತಪ್ಪು ಹಾಳೆ ಸಿಕ್ಕಿಸಿದ್ದಾನೆ.

ನಾನು ಅದಕ್ಕೆ ಹೃತ್ಪೂರ್ವಕ ಧನ್ಯವಾದ ಹೇಳಿದ್ದೇನೆ. ಅಚ್ಚಾಗಿದೆ.

ಫೆಬ್ರವರಿ 10, ಶನಿವಾರ

ಹೋಗದೆ ಇರಲಾರದೆ ಮಠಕ್ಕೆ ಹೋದೆ. ಒಂಬತ್ತು ಮನೆಯವರೂ ಆ ದಿನ ಫಿಲೊಮಿನಾಳ ಅಡುಗೆಮನೆಯಲ್ಲಿ ಕೂತು ನೇರಪ್ರಸಾರ ನೋಡಿದ್ದರಂತೆ, ಸೇಬಿನ ಕೇಕು ಮಾಡಿಕೊಂಡು. ಅದರ ಒಂದು ತುಂಡು ನನಗಾಗಿ ಎತ್ತಿಟ್ಟಿದ್ದಳು, ಮೂರು ದಿನದ್ದು.

"ತಿನ್ನಿ ಸೆನೆಟರಮ್ಮ, ಕೈತೋಟದ ಸೇಬು. ನಮಗೆ ಕೈತೋಟ ಇದೆಯಂತಲ್ಲ, ಗೊತ್ತೇ ಇರಲಿಲ್ಲ" ಎಂದಳು.

ರೊಸಾನಾ ನಗಲಿಲ್ಲ. "ಮೇಡಂ, ನಂಗೆ ಭಾಷೆ ಪೂರ್ತಿ ಬರಲ್ಲ. ಅದಕ್ಕೇ ಕೇಳ್ತೀನಿ, ನೀವು ಅವರಿಗೆ ಯಾಕೆ ಥ್ಯಾಂಕ್ಸ್ ಅಂದ್ರಿ?" ಎಂದಳು. ಕೇಕಿನ ತಟ್ಟೆ ಮೇಜಿನ ಮೇಲಿಟ್ಟು ಎದ್ದೆ. ಬೇರೆಯವರ ಎದುರು ಅಳಬಾರದು ಎಂದು ಕಾರಿನವರೆಗೂ ತಡೆದುಕೊಂಡೆ.

ಮನೆಯಲ್ಲಿ ಕ್ರಿಸ್ಟಿಗೆ ಎಲ್ಲ ಹೇಳಿಕೊಂಡೆ. ಅವನು ಆಲೂಗಡ್ಡೆ ಸುಲಿಯುತ್ತಲೇ ಅಂದ: "ಮೂವತ್ತು ವರ್ಷ ನನ್ನ ಬಸ್ಸಲ್ಲಿ ಬಂದೋರೆಲ್ಲ ಥ್ಯಾಂಕ್ಸ್ ಹೇಳಿದಾರೆ ಕಣೇ. ಕುಡುಕರು ಹೇಳಿದಾರೆ, ಮಕ್ಕಳು ಹೇಳಿದಾರೆ. ಆದ್ರೆ ಎಲ್ಲಾರೂ ಇಳಿಯೋವಾಗ. ಬಸ್ಸು ಅವರ ಸ್ಟಾಪಿಗೆ ಬಂದು ನಿಂತ್ಮೇಲೆ. ಹತ್ತೋಕೆ ಮುಂಚೆನೇ ಥ್ಯಾಂಕ್ಸ್ ಹೇಳಿದೋಳು ನೀನೊಬ್ಬಳೇ."

ಸಿಟ್ಟು ಬಂತು. ಅವನ ಮೇಲಲ್ಲ ಅಂತ ಈಗ ಅನಿಸುತ್ತಿದೆ.

ಫೆಬ್ರವರಿ 14, ಬುಧವಾರ

ಕಲಾಪದ ಗುಮಾಸ್ತೆ ಬಹಳ ಸಭ್ಯ ಹೆಂಗಸು. ಅದೇ ವಿಷಯವನ್ನು ಮತ್ತೆ ತರಬಹುದೇ ಎಂದು ಕೇಳಿದೆ. "ಆರು ತಿಂಗಳು ಆಗಲ್ಲ ಸೆನೆಟರ್. ಉತ್ತರ ತಪ್ಪು ಅಂತ ಅಲ್ಲೇ ಎದ್ದು ಹೇಳಿದ್ರೆ ಬೇರೆ ಮಾತು. ನೀವು ಧನ್ಯವಾದ ಹೇಳಿಬಿಟ್ಟಿದೀರಿ, ಅಲ್ಲಿಗೆ ಉತ್ತರ ಒಪ್ಪಿದ ಹಾಗೆ" ಎಂದಳು. ಆರು ತಿಂಗಳು ಅಂದರೆ ಆಗಸ್ಟ್. ಆಗಸ್ಟ್‌ಗೆ ಮಠದಲ್ಲಿ ಬೀಗ ಬಿಟ್ಟು ಏನೂ ಇರುವುದಿಲ್ಲ.

ಇಲಾಖೆಗೆ ಕಾಗದ ಬರೆದೆ. ಫಿನ್‌ಬಾರ್ ಹೇಳಿದ್ದು: "ಬಿಟ್ಟುಬಿಡಿ ಬ್ರೀಡಾ. ಅರ್ಧ ಕಾರಿಗೆ ಅವಮಾನ ಮಾಡಿದ್ರೆ ಟಿಕೆಟ್ ಕೊಡೋರಿಗೂ ನೆನಪಿರತ್ತೆ." ಇವತ್ತು ಪ್ರೇಮಿಗಳ ದಿನವಂತೆ. ಕ್ರಿಸ್ಟಿ ಕಾರ್ಡಿನಲ್ಲಿ ಒಂದು ಬಸ್ಸು ಬರೆದಿದ್ದಾನೆ. ಕೆಳಗೆ ಏನೂ ಬರೆದಿಲ್ಲ.

ಮಾರ್ಚ್ 5, ಮಂಗಳವಾರ

ಇಲಾಖೆಯ ಉತ್ತರ ಬಂತು. ನನ್ನ ಕಾಗದಕ್ಕೆ ಧನ್ಯವಾದವಂತೆ. ವಿಷಯ ಅವರ ಗಮನದಲ್ಲಿದೆಯಂತೆ.

ಮಾರ್ಚ್ 17, ಭಾನುವಾರ

ಪ್ಯಾಟ್ರಿಕ್ ಹಬ್ಬದ ಮೆರವಣಿಗೆ. ನನಗೆ ವೇದಿಕೆಯ ಮೇಲೆ ಕುರ್ಚಿ. ಬ್ಯಾಂಡು, ಟ್ರ್ಯಾಕ್ಟರುಗಳು, ಹಸಿರು ಟೋಪಿಯ ಮಕ್ಕಳು. ಮಠದ ನಾಲ್ಕನೇ ಮನೆಯ ಡೆವೇನಿ ದಂಪತಿ ಅದೇ ಹೊತ್ತಿಗೆ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಬಂದು, ರಸ್ತೆ ಮುಚ್ಚಿದ್ದರಿಂದ ಮೆರವಣಿಗೆ ಮುಗಿಯುವವರೆಗೂ ವೇದಿಕೆಯ ಎದುರೇ ನಿಂತಿದ್ದರು. ಹೋಟೆಲ್ ಕೋಣೆಗೆ ಹೊರಟಿದ್ದರು, ಕೊನೇ ದಿನದವರೆಗೂ ಕಾಯುವ ಧೈರ್ಯ ಇರಲಿಲ್ಲವಂತೆ. ವ್ಯಾನಿನ ಕಿಟಕಿಗೆ ಒರಗಿಸಿದ್ದ ಹಾಸಿಗೆಯ ಪಕ್ಕದಲ್ಲಿ ಜೊಂಡಿನ ಶಿಲುಬೆ ಕಾಣುತ್ತಿತ್ತು. ಟೆಸ್ ಡೆವೇನಿ ನನಗೆ ಕೈ ಬೀಸಿದಳು.

ನಾನು ಇಳಿದು ಹೋಗಬೇಕಿತ್ತು. ಹೋಗಲಿಲ್ಲ. ಫೋಟೋಗ್ರಾಫರ್ ಇದ್ದ.

ಈಗ ಎಂಟು ಮನೆ.

ಏಪ್ರಿಲ್ 14, ಭಾನುವಾರ

ಈಗೀಗ ಭಾನುವಾರ ಪೂಜೆ ಮುಗಿಸಿ ನೇರ ಫಿಲೊಮಿನಾಳ (ಈಗ ನನಗವಳು ಫಿಲ್) ಅಡುಗೆಮನೆಗೇ ಹೋಗುತ್ತಿದ್ದೇನೆ. ಕೌನ್ಸಿಲಿನ ಅರ್ಜಿಗಳನ್ನು ಅಲ್ಲೇ ತುಂಬಿಸಿ ಕೊಡುತ್ತೇನೆ, ಅರ್ಜಿ ತುಂಬಿಸುವುದು ನನಗೆ ಅಂಚೆ ಕಚೇರಿಯಿಂದ ಬಂದ ವಿದ್ಯೆ. ಇವತ್ತು ರೊಸಾನಾಳ ಕಾಲು ಊದಿತ್ತು. ಸ್ಟೂಲಿನ ಮೇಲೆ ಕಾಲೆತ್ತಿ ಕೂತು ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು.

ಫಿಲ್ ಚಾವಣಿಯ ಕಡೆ ಬೆರಳು ತೋರಿಸಿ, "ಬಾಡಿಗೆದಾರರು ವಾಪಸ್ ಬಂದ್ರು ಕಣೇ" ಎಂದಳು.

"ಯಾವ ಬಾಡಿಗೆದಾರರು?"

"ಮೇಲಿನೋರು. ಪ್ರತಿ ವರ್ಷ ಈಸ್ಟರ್ ಆದ್ಮೇಲೆ ಬರ್ತಾರೆ, ಬೇಸಿಗೆ ಕಳೆದ್ಮೇಲೆ ಹೋಗ್ತಾರೆ. ಬಾಡಿಗೆ ಕೊಡಲ್ಲ, ಆದ್ರೆ ಗಲಾಟೆನೂ ಇಲ್ಲ."

ಮೆಟ್ಟಿಲು ಹತ್ತಿಸಿ ಅಟ್ಟದ ಬಾಗಿಲ ಸಂದಿಯಲ್ಲಿ ತೋರಿಸಿದಳು. ತೊಲೆಯ ಉದ್ದಕ್ಕೂ ಪುಟ್ಟ ಪುಟ್ಟ ಬಾವಲಿಗಳು, ಒಣಗಿಸಲು ನೇತುಹಾಕಿದ ಪೇರಳೆ ಕಾಯಿಗಳ ಹಾಗೆ. ನೂರಕ್ಕೆ ಕಡಿಮೆ ಇಲ್ಲ. ಹಿಂದೆ ಇಲ್ಲಿದ್ದ ಸಿಸ್ಟರ್ ಅಲೋಯ್ಸಿಯಸ್ ಇವುಗಳಿಗೆ ಹೆಸರಿಡಲು ಹೋಗಿ ಸೋತಿದ್ದರಂತೆ. "ಯಾರೂ ಮುಟ್ಟೋ ಹಾಗಿಲ್ಲ ಇವನ್ನ" ಎಂದು ಫಿಲ್ ಪಿಸುಗುಟ್ಟಿದಳು. "ಹೋದ ಸಲ ಹೆಂಚು ಬದಲಾಯಿಸೋಕೆ ಬಂದೋರು ಪರವಾನಗಿ ಇಲ್ಲ ಅಂತ ಏಣಿ ಎತ್ಕೊಂಡು ವಾಪಸ್ ಹೋದ್ರು. ಪುಣ್ಯವಂತರು."

ಮೆಟ್ಟಿಲಿಳಿಯುವಾಗ ನನ್ನ ಕಾಲು ಅಲ್ಲೇ ನಿಂತಿತು. ವಸತಿ ಇಲಾಖೆಗೆ ಪರಂಪರೆಯೂ ವನ್ಯಜೀವಿಯೂ ಸೇರಿದೆ. ಅದೇ ಇಲಾಖೆ, ಅದೇ ಅರ್ಧ ಕಾರು. ಬಾವಲಿಯ ವಿಷಯ ನಾನು ಹಿಂದೆಂದೂ ಸದನದಲ್ಲಿ ಎತ್ತಿಲ್ಲ, ಅದಕ್ಕೆ ಯಾರಿಗೂ ಧನ್ಯವಾದ ಹೇಳಿಲ್ಲ!

ಫಿಲ್‌ಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನೇ ಎತ್ತಿ ಶಿಲುಬೆ ಹಾಕಿಕೊಂಡಳು.

ಏಪ್ರಿಲ್ 30, ಮಂಗಳವಾರ

ವನ್ಯಜೀವಿ ಅಧಿಕಾರಿ ಬಂದು ಎಣಿಸಿದ. ನೂರಾ ಹನ್ನೆರಡು, ಎಲ್ಲ ಹೆಣ್ಣು. ತೆಳ್ಳನೆಯ ನಾಚಿಕೆಯ ಹುಡುಗ, ಬಾವಲಿ ಬಿಟ್ಟು ಬೇರೆ ಮಾತೇ ಬರುವುದಿಲ್ಲ. ಅಟ್ಟದಲ್ಲಿ ಉಷ್ಣಮಾಪಕ ಇಟ್ಟು ಎರಡು ದಿನ ನೋಡಿ, "ಇವು ಇಲ್ಲೇ ಯಾಕೆ ಬರ್ತವೆ ಗೊತ್ತಾಯ್ತು. ಕೆಳಗಡೆ ಮನೆಗಳ ಶಾಖ. ಅದರಲ್ಲೂ ಅಜ್ಜಿ ಒಲೆ. ಆ ಹೊಗೆಗೂಡಿನ ಗೋಡೆಗೇ ಎಲ್ಲಾ ಅಂಟ್ಕೊಂಡಿದಾವೆ" ಎಂದ.

"ಒಲೆ ಆರಿಹೋದ್ರೆ?" ಎಂದೆ.

"ಮರಿಗಳು ಉಳಿಯಲ್ಲ."

ಹಾಗೇ ವರದಿಯಲ್ಲಿ ಬರೀತೀಯಾ ಎಂದು ಕೇಳಿದೆ. ಇರುವುದನ್ನು ಬರೆಯೋಕೆ ಏನು ಎಂದ. ಅವನನ್ನು ಹಿಡಿದು ಮುತ್ತು ಕೊಡಬೇಕು ಅನಿಸಿತು. ಫಿಲ್ ಅವನಿಗೆ ಸೋಡಾ ಬ್ರೆಡ್ಡು ಕಟ್ಟಿಕೊಟ್ಟಳು.

ಮೇ 14, ಮಂಗಳವಾರ

ನಾಳೆ. ಫಿನ್‌ಬಾರ್ ಸದನದ ಪಟ್ಟಿ ನೋಡಿ ಬಹಳ ಖುಷಿಯಾದ. "ಬಾವಲಿ! ಮುದ್ದಾದ ವಿಷಯ. ಯಾರಿಗೂ ನೋವಾಗಲ್ಲ. ಟಾರ್ಪಿಗೂ ಒಳ್ಳೆ ಫೋಟೋ" ಎಂದ. ನಾನು ತಲೆಯಾಡಿಸಿದೆ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ರೊಸಾನಾ ಫೋನ್ ಮಾಡಿದ್ದಳು. ಮಗು ಒದೆಯುತ್ತಿದೆಯಂತೆ. "ಬ್ರೀಡಾ, ನಾಳೆ ಅವನು ಓದೋದನ್ನ ಸರಿಯಾಗಿ ಕೇಳಿಸ್ಕೋ" ಎಂದಳು. ಕೇಳಿಸಿಕೊಳ್ಳುತ್ತೇನೆ ಎಂದೆ.

ಮೇ 15, ಬುಧವಾರ

ಎಲ್ಲ ನೆನಪಿರುವಾಗಲೇ ಬರೆದಿಡುತ್ತೇನೆ. ರೈಲಿನಲ್ಲಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ. ಬೆಳಿಗ್ಗೆ ಅವಸರದಲ್ಲಿ ತೋಟಕ್ಕೆ ಹಾಕುವ ಹಳೇ ಕೋಟು ಹಾಕಿಕೊಂಡು ಬಂದುಬಿಟ್ಟಿದ್ದೇನೆ, ಜೇಬಿನಲ್ಲಿ ಬಟಾಣಿ ಬೀಜ.

ನನ್ನ ನಾಲ್ಕು ನಿಮಿಷ ಬರೀ ಬಾವಲಿ. ಒಬ್ಬಿಬ್ಬರು ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕರು. ಆಮೇಲೆ ಟಾರ್ಪಿ ಎದ್ದರು. ವಿಷಯ ಎತ್ತಿದ್ದಕ್ಕೆ ಧನ್ಯವಾದ ಹೇಳಿದರು. ಈ ಸಲ ಗಡಿಯಾರ ನೋಡಲಿಲ್ಲ, ಅವರ ಬಾಯನ್ನೇ ನೋಡಿದೆ. ಓದಿದ್ದು ನಮ್ಮ ಕಿಲ್ಬ್ರೀನಿನ ಬ್ರಿಜಿಡ್‌ನ ಹಾಳೆಯೇ.

"ಈ ಬಾವಲಿಗಳು ಮೇ ತಿಂಗಳಲ್ಲಿ ಒಂದೆಡೆ ಸೇರಿ ಜೂನ್‌ನಲ್ಲಿ ಮರಿ ಹಾಕುತ್ತವೆ. ಈ ಅವಧಿಯಲ್ಲಿ ತಾಯಂದಿರನ್ನು ಎಬ್ಬಿಸುವುದಾಗಲಿ ಓಡಿಸುವುದಾಗಲಿ ಕಾನೂನಿಗೆ ವಿರುದ್ಧ. ಕೆಳಗಿನ ಕೋಣೆಗಳ ಶಾಖವೇ ಇವುಗಳಿಗೆ ಆಧಾರವೆಂದು ನಮ್ಮ ಅಧಿಕಾರಿ ವರದಿ ಮಾಡಿದ್ದಾರೆ. ಆದ್ದರಿಂದ ಕಟ್ಟಡದ ಈಗಿನ ಬಳಕೆ ಹಾಗೆಯೇ ಮುಂದುವರಿಯಬೇಕು ಎಂಬುದು ಇಲಾಖೆಯ ಸ್ಪಷ್ಟ ನಿಲುವು."

ನನ್ನ ಒಂದು ನಿಮಿಷ ಬಂತು. ಬರೆದುಕೊಂಡಿದ್ದ ಚೀಟಿ ಬಟಾಣಿ ಜೊತೆ ಜೇಬಿನಲ್ಲೇ ಉಳಿಯಿತು.

"ಸಭಾಪತಿಗಳೇ, ಈಗಿನ ಬಳಕೆ ಅಂದ್ರೆ ಏನು ಅಂತ ನಾನು ಹೇಳ್ತೀನಿ. ಈಗಿನ ಬಳಕೆ ಅಂದ್ರೆ ಫಿಲೊಮಿನಾ ಟುವೋಹಿ, ಎಪ್ಪತ್ತನಾಲ್ಕು ವರ್ಷ, ದಿನಾ ಬೆಳಿಗ್ಗೆ ಆರಕ್ಕೆ ಒಲೆ ಹಚ್ಚೋಳು. ಬಾವಲಿಗಳ ಕೆಳಗೆ ಎಂಟು ಮನೆ ಇದಾವೆ, ಫೆಬ್ರವರಿಯಲ್ಲಿ ಒಂಬತ್ತಿತ್ತು. ಎರಡನೇ ಮಹಡಿಯಲ್ಲಿ ರೊಸಾನಾ ಇದಾಳೆ, ಅವಳಿಗೂ ಜೂನ್‌ನಲ್ಲೇ ಹೆರಿಗೆ. ಮೇ ಮೂವತ್ತೊಂದಕ್ಕೆ ಅವಳನ್ನ ಎಬ್ಬಿಸಿ ಓಡಿಸಬಹುದು, ಅದಕ್ಕೆ ಯಾವ ಪರವಾನಗಿನೂ ಬೇಡ. ಮಂತ್ರಿಗಳೇ, ರೆಕ್ಕೆ ಇಲ್ಲದೆ ಹುಟ್ಟಿದ್ದು ಅವಳ ತಪ್ಪಾ? ಕೌನ್ಸಿಲ್ ಆ ಮನೇನ ಅವರ ಸಮೇತ ಕೊಳ್ಳೋಕೆ ತಯಾರಿದೆ. ನಿಮ್ಮ ಒಪ್ಪಿಗೆ ಒಂದು ಬಾಕಿ. ಒಲೆ ಆರಬಾರದು ಅಂತ ನಿಮ್ಮ ಕೈಲಿರೋ ಹಾಳೆನೇ ಹೇಳ್ತಿದೆ. ಒಪ್ಪಿಗೆ ಇದೆಯೋ ಇಲ್ವೋ?"

ಗಂಟೆ ಬಡಿಯಿತು. ಸಭಾಪತಿಗಳು, "ಸಮಯ ಮುಗಿಯಿತು. ಸೆನೆಟರ್ ಅವರು ಮಂತ್ರಿಗಳಿಗೆ ಧನ್ಯವಾದ ಹೇಳಿ..." ಎಂದು ಶುರು ಮಾಡಿದರು.

"ಈಗ್ಲೇ ಹೇಳಲ್ಲ ಸಭಾಪತಿಗಳೇ" ಎಂದು ಕೂತೆ.

ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಟಾರ್ಪಿ ಹಾಳೆ ತಿರುಗಿಸಿದರು. ಹಿಂದೆ ಏನೂ ಬರೆದಿರಲಿಲ್ಲ. ಮುಖ ಕೆಂಪಾಯಿತು. ಹಾಳೆಯನ್ನು ಮೇಜಿನ ಮೇಲಿಟ್ಟು, "ನಾನು ಆ ಮನೆ ನೋಡಿಲ್ಲ" ಎಂದರು. "ಬಂದು ನೋಡ್ತೀನಿ." ಅದೂ ಕಲಾಪದಲ್ಲಿ ಅಚ್ಚಾಗುತ್ತದೆ.

ಹೊರಗೆ ಫಿನ್‌ಬಾರ್ ಕಾಯುತ್ತಿದ್ದ. ಟಿಕೆಟ್ಟಿನ ವಿಷಯ ಮರೆತುಬಿಡಿ ಎಂದ. ಮರೆಯುತ್ತೇನೆ ಎಂದೆ, ರೈಲು ತಪ್ಪಿಹೋಗುತ್ತಿತ್ತು.

ಮೇ 18, ಶನಿವಾರ

ಬಟಾಣಿ ಹಾಕಿದೆ, ತಡವಾಗಿದೆ, ಆದರೂ ಹುಟ್ಟಬಹುದು. ಅಹವಾಲಿಗೆ ಬಂದವರ ಸಾಲು ಹಾಲ್‌ನ ಬಾಗಿಲು ದಾಟಿತ್ತು. ಈ ವಾರ ಪತ್ರಿಕೆಯ ಮೊದಲ ಪುಟದಲ್ಲಿ ನಾನಿದ್ದೆನಂತೆ. ನಾನು ನೋಡುವುದರೊಳಗೆ ಫಿಲ್ ಅದನ್ನು ಒಲೆಗೆ ಹಾಕಿದ್ದಳು.

ಮೇ 23, ಗುರುವಾರ

ಟಾರ್ಪಿ ಬಂದರು! ಫೋಟೋಗ್ರಾಫರ್ ಇಲ್ಲ, ಕಾರ್ಯದರ್ಶಿ ಇಲ್ಲ. ಬಾಗಿಲಲ್ಲೇ ಫಿಲ್, "ಬನ್ನಿ ಬನ್ನಿ, ಉಳಿದರ್ಧ ಕಾರು ಎಲ್ಲಿ ಬಿಟ್ರಿ?" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಇದು ನನ್ನ ಸ್ವಂತ ಕಾರು ಅಜ್ಜಿ, ಪೂರ್ತಿ ಇದೆ. ಬ್ರೇಕ್ ಮಾತ್ರ ಅರ್ಧ" ಎಂದರು.

ಎಂಟು ಮನೆಯನ್ನೂ ನೋಡಿದರು. ಡೆವೇನಿಯವರ ಖಾಲಿ ಮನೆಗೂ ಹೋದರು. ಬಾಗಿಲ ಮೇಲೆ ಶಿಲುಬೆ ತೆಗೆದ ಗುರುತು ಇತ್ತು. ಆಮೇಲೆ ಅಡುಗೆಮನೆಯಲ್ಲಿ ಕೂತು ಎರಡು ಬಟ್ಟಲು ಚಹಾ, ಮೂರು ತುಂಡು ಬ್ರೆಡ್ಡು. ರೊಸಾನಾ ಬೆಣ್ಣೆ ಹಚ್ಚಿ ಕೊಟ್ಟಳು.

ಅವರೇ ಎತ್ತಿದರು. "ಫೆಬ್ರವರೀಲಿ ಆ ಹಾಳೆ ಓದ್ತಿರೋವಾಗ್ಲೇ ನ‌ನಗೆ ಅನ್ನಿಸ್ತು ಸೆನೆಟರ್, ಏನೋ ಸರಿಯಿಲ್ಲ ಅಂತ. ಗಾಲಿಕುರ್ಚಿ ಎಲ್ಲಿಂದ ಬಂತು ಅಂತ. ಆದ್ರೆ ನೀವು ಎದ್ದು ಥ್ಯಾಂಕ್ಸ್ ಹೇಳಿದ್ರಿ. ಸರಿಯಾಗೇ ಇರಬೇಕು ಅಂದ್ಕೊಂಡೆ."

"ನೀವು ಅಷ್ಟು ಚೆನ್ನಾಗಿ ಓದಿದ್ರಿ, ನಾನೂ ಸರಿಯಾಗೇ ಇರಬೇಕು ಅಂದ್ಕೊಂಡೆ" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರೊಸಾನಾ ಬೆಣ್ಣೆಯ ಚಾಕು ಕೆಳಗಿಟ್ಟು, "ನಿಮ್ಮ ದೇಶದಲ್ಲಿ ಜನ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟೇ ಸಾಯ್ತಾರೆ" ಎಂದಳು. ಫಿಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮೇ 28, ಮಂಗಳವಾರ

ಟಾರ್ಪಿಯ ಫೋನು. ಮಂತ್ರಿ ಒಪ್ಪಿದ್ದಾರೆ, ಕೌನ್ಸಿಲ್ ಕೊಳ್ಳುತ್ತದೆ, ಕಂಪನಿಯವರೂ ಸರಿ ಎಂದಿದ್ದಾರೆ. ನಾಲಿಗೆ ತುದಿಗೆ ಬಂದ ಥ್ಯಾಂಕ್ಸ್ ನುಂಗಿಕೊಂಡೆ.

"ಸೆನೆಟರ್, ಲೈನಲ್ಲಿದೀರಾ?"

"ಸಹಿ ಆಯ್ತಾ?" ಎಂದೆ.

"ಶುಕ್ರವಾರ ಬೆಳಿಗ್ಗೆ ಆಗತ್ತೆ."

"ಹಾಗಾದ್ರೆ ಶುಕ್ರವಾರ ಫೋನ್ ಮಾಡಿ" ಎಂದು ಇಟ್ಟುಬಿಟ್ಟೆ. ಇಟ್ಟ ಮೇಲೆ ಮೆಟ್ಟಿಲ ಮೇಲೆ ಕೂತೆ. ಶುಕ್ರವಾರವೇ ಮೂವತ್ತೊಂದು.

ಮೇ 31, ಶುಕ್ರವಾರ

ಬೆಳಿಗ್ಗೆ ಎಂಟಕ್ಕೇ ಕ್ರಿಸ್ಟಿಯನ್ನೂ ಕರೆದುಕೊಂಡು ಮಠಕ್ಕೆ ಹೋದೆ. ಯಾರೂ ಸಾಮಾನು ಕಟ್ಟಿರಲಿಲ್ಲ. ಕಟ್ಟಬೇಡಿ ಎಂದು ಹೇಳಿದವಳು ನಾನೇ. ಎಂಟು ಮನೆಯವರೂ ಅಡುಗೆಮನೆಯಲ್ಲಿ. ರೊಸಾನಾಗೆ ಸಿಸ್ಟರ್ ಅಲೋಯ್ಸಿಯಸ್‌ರ ದೊಡ್ಡ ತೋಳುಕುರ್ಚಿ. ಫಿಲ್ ಮೂರು ಸಲ ಕೆಟಲ್ ಇಟ್ಟಳು, ಮೂರು ಸಲವೂ ಚಹಾ ಮಾಡಲು ಮರೆತಳು. ನನ್ನ ಫೋನು ಮೇಜಿನ ನಡುವೆ, ಬೆಣ್ಣೆ ತಟ್ಟೆಯ ಪಕ್ಕ.

ಹತ್ತಾಯಿತು. ಹತ್ತೂವರೆ. ಹನ್ನೊಂದಕ್ಕೆ ಒಂದು ಕರೆ ಬಂತು, ಯಾರೋ ಚರಂಡಿಯವರು. ಶನಿವಾರ ಬನ್ನಿ ಎಂದೆ.

ಹನ್ನೊಂದೂ ಇಪ್ಪತ್ತಕ್ಕೆ ಟಾರ್ಪಿ. ಎಲ್ಲರಿಗೂ ಕೇಳಿಸುವ ಹಾಗೆ ಫೋನಿನ ದನಿ ಜೋರು ಮಾಡಿದೆ.

"ಸಹಿ ಆಯ್ತು ಸೆನೆಟರ್. ಈಗ ತಾನೇ. ನೋಟಿಸು ವಾಪಸು. ಡೆವೇನಿಯವರ ಮನೆನೂ ಅವರಿಗೇ ಇರತ್ತೆ, ಹೋಟೆಲಿಗೆ ಫೋನ್ ಮಾಡ್ಸಿದೀನಿ, ನಾಳೆ ವಾಪಸ್ ಬರ್ತಾರೆ."

"ಅಕ್ಷರಶಃ ಸಹಿ ಆಯ್ತಾ? ಶಾಯಿ ಒಣಗಿದೆಯಾ? ನಮ್ಮ ಬ್ರಿಜಿಡ್‌ದೇ ತಾನೇ?"

"ಕಿಲ್ಬ್ರೀನಿನ ಬ್ರಿಜಿಡ್. ಎರಡು ಸಲ ಓದಿ ನೋಡಿದೀನಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದರೆ ಬಂದದ್ದು ಒಂದೇ ಮಾತು. "ಥ್ಯಾಂಕ್ಸ್" ಎಂದೆ. "ಥ್ಯಾಂಕ್ಸ್, ಥ್ಯಾಂಕ್ಸ್, ಸಾವಿರ ಥ್ಯಾಂಕ್ಸ್."

"ಅಯ್ಯೋ, ಮತ್ತೆ ಹೇಳಿದ್ಲು ನೋಡ್ರೋ!" ಎಂದು ಫಿಲ್ ಕೂಗಿದಳು. ಅಡುಗೆಮನೆಯೆಲ್ಲ ನಗು. ನಗುತ್ತಲೇ ಅವಳು ಮುಂಗೈಯಿಂದ ಮುಖ ಒರೆಸಿಕೊಂಡಳು, ಕೆನ್ನೆಯ ತುಂಬ ಹಿಟ್ಟು. ರೊಸಾನಾ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು, ಒಳಗಿನದು ಜೋರಾಗಿ ಒದೆಯಿತು. ಯಾರೋ, ಮೆಲ್ಲಗೆ ಕಣ್ರೋ, ಮೇಲಿನವರು ಏಳುತ್ತಾರೆ ಎಂದರು.

ನಾನು ಕ್ರಿಸ್ಟಿಯ ಕಡೆ ತಿರುಗಿ, "ಈಗ ಹೇಳಬಹುದಿತ್ತು ತಾನೇ? ಬಸ್ಸು ನಿಂತಿದೆ ತಾನೇ?" ಎಂದೆ.

"ನಿಂತಿದೆ" ಎಂದ. ಈ ಸಲ ಮುಖ ನನ್ನ ಕಡೆಗೇ ಇತ್ತು. "ಆದ್ರೆ ಇವತ್ತು ಯಾರೂ ಇಳೀಬೇಕಾಗಿಲ್ಲ ಕಣೇ."